ಮಗು ಬಾಯೇ ತೆಗೀತಿಲ್ವಾ? ಊಟದ ಹೊತ್ತಿನ ಜಗಳ ನಿಲ್ಲಿಸೋಕೆ ಅಪ್ಪ ಅಮ್ಮ ಏನೇನ್ ಮಾಡ್ಬೋದು

ಎಂಟು ಹತ್ತು ತಿಂಗಳಿದ್ದಾಗ ಕೊಟ್ಟಿದ್ದೆಲ್ಲ ಚಪ್ಪರಿಸ್ಕೊಂಡು ತಿಂತಿದ್ದ ಮಗು ಒಂದೂವರೆ ವರ್ಷಕ್ಕೆ ಬರ್ತಿದ್ದಂಗೆ ತಟ್ಟೆ ಕಂಡ್ರೆ ಮುಖ ತಿರುಗ್ಸೋದು, ತುತ್ತನ್ನ ಕೆನ್ನೇಲಿ ಅರ್ಧ ಗಂಟೆ ಇಟ್ಕೊಂಡು ಕೂರೋದು, ಕೊನೆಗೆ ತುಪಕ್ ಅಂತ ಉಗಿಯೋದು ಶುರು ಮಾಡುತ್ತೆ, ಮನೇಲಿ ಎಲ್ರಿಗೂ ಟೆನ್ಷನ್, ಒಬ್ರು ಚಮಚ ಹಿಡ್ಕೊಂಡು ಹಿಂದೆ ಓಡೋದು ಇನ್ನೊಬ್ರು ಮೊಬೈಲ್ ತೋರ್ಸೋದು. ಇದ್ರಲ್ಲಿ ಸುಮಾರು ಪಾಲು ವಯಸ್ಸಿನ ಆಟ ಅಷ್ಟೇ. ಹುಟ್ಟಿದಾಗ 3 ಕೆಜಿ ಇದ್ದ ಮಗು ವರ್ಷ ತುಂಬೋ ಹೊತ್ತಿಗೆ ಹೆಚ್ಚುಕಮ್ಮಿ 9 ಕೆಜಿ ಆಗಿರುತ್ತೆ, ಆದ್ರೆ ಎರಡನೇ ವರ್ಷ ಪೂರ್ತಿ ಸೇರಿ ಏರೋದು ಬರೀ 2ರಿಂದ 2.5 ಕೆಜಿ. ಬೆಳವಣಿಗೆಯ ಸ್ಪೀಡೇ ಕಮ್ಮಿ ಆದ್ಮೇಲೆ ಹಸಿವೂ ಕಮ್ಮಿ ಆಗ್ಲೇಬೇಕಲ್ವಾ. ಅದ್ರ ಜೊತೆಗೆ 2ರಿಂದ 6 ವರ್ಷದ ನಡುವೆ ಹೊಸ ತಿಂಡಿ ಕಂಡ್ರೆ ಹೆದರೋ ಸ್ವಭಾವ ಜೋರಾಗಿರುತ್ತೆ, ಅದೂ ಮಾಮೂಲೇ.

ಹಾಗಂತ ಎಲ್ಲಾನೂ "ಮಕ್ಕಳು ಅಂದ್ರೆ ಹಂಗೇ" ಅಂತ ತಳ್ಳಿ ಹಾಕೋಕೂ ಆಗಲ್ಲ. ಕೆಲವು ಮಕ್ಕಳಿಗೆ ನಿಜವಾಗ್ಲೂ ತಿನ್ನೋದೇ ಕಷ್ಟ ಇರುತ್ತೆ. 2019ರಲ್ಲಿ ತಜ್ಞರು ಒಟ್ಟು ಸೇರಿ ಇದಕ್ಕೆ ಪೀಡಿಯಾಟ್ರಿಕ್ ಫೀಡಿಂಗ್ ಡಿಸಾರ್ಡರ್ ಅಂತ ಒಂದು ವಿವರಣೆ ಕೊಟ್ರು: ವಯಸ್ಸಿಗೆ ತಕ್ಕ ಹಾಗೆ ಬಾಯಿಂದ ತಿನ್ನೋಕೆ ಆಗ್ತಿಲ್ಲ, ಅದು ಕಮ್ಮಿ ಅಂದ್ರೂ 2 ವಾರದಿಂದ ಹಂಗೇ ಇದೆ, ಅದ್ರ ಹಿಂದೆ ದೇಹದ ಕಾಯಿಲೆ, ಪೋಷಣೆಯ ಕೊರತೆ, ಅಗಿಯೋ ನುಂಗೋ ಸಾಮರ್ಥ್ಯ, ಮನಸ್ಸು ಮತ್ತು ಮನೆ ವಾತಾವರಣ, ಈ ನಾಲ್ಕರಲ್ಲಿ ಒಂದಾದ್ರೂ ಇದೆ. ಅದಕ್ಕೇ ಕೆಳಗಿನ ಮೊದಲ ಹೆಜ್ಜೆ ಬಿಟ್ಟು ನೇರ ಮೂರಕ್ಕೋ ನಾಲ್ಕಕ್ಕೋ ಹಾರ್ಬೇಡಿ.

ಹೆಜ್ಜೆ 1: ನೋವಿದೆಯಾ ಅಂತ ಮೊದ್ಲು ನೋಡಿ

ತಿನ್ನೋವಾಗ ನೋವಾಗೋ ಮಗು ತಿನ್ನಲ್ಲ ಅಂತ ಅಂದ್ರೆ ಅದು ಹಟ ಹೇಗಾಗುತ್ತೆ. ಬಹಳ ಮಾಮೂಲು ಕಾರಣ, ಎಲ್ರೂ ಮರೆಯೋ ಕಾರಣ, ಮಲಬದ್ಧತೆ. ಮೂರ್ನಾಲ್ಕು ದಿನ ಕಕ್ಕ ಹೋಗದೆ ಹೊಟ್ಟೆ ಕಲ್ಲಾಗಿರೋ ಮಗುಗೆ ಹಸಿವಾಗೋದಾದ್ರೂ ಎಲ್ಲಿಂದ. ಆಮೇಲೆ ಹುಳುಕು ಹಲ್ಲು, ಬಾಯಿ ಹುಣ್ಣು, ದೊಡ್ಡದಾಗಿರೋ ಟಾನ್ಸಿಲ್, ತಿಂದಿದ್ದು ಹುಳಿ ಹುಳಿಯಾಗಿ ವಾಪಸ್ ಬರೋ ರಿಫ್ಲಕ್ಸ್, ಯಾವುದೋ ಆಹಾರದ ಅಲರ್ಜಿ. ರಕ್ತದಲ್ಲಿ ಕಬ್ಬಿಣದ ಅಂಶ ಕಮ್ಮಿ ಇದ್ರೂ ಹಸಿವು ಸಾಯುತ್ತೆ, ಹಸಿವು ಸತ್ತಿದ್ದಕ್ಕೆ ತಿನ್ನಲ್ಲ, ತಿನ್ನದೆ ಇರೋದಕ್ಕೆ ಕಬ್ಬಿಣ ಇನ್ನೂ ಇಳಿಯುತ್ತೆ, ಹಿಂಗೆ ಸುತ್ತುತ್ತಾ ಇರುತ್ತೆ. ಒಂದು ಬ್ಲಡ್ ಟೆಸ್ಟಲ್ಲಿ ಗೊತ್ತಾಗೋ ವಿಷಯ.

ಕೆಳಗಿನವು ಕಂಡ್ರೆ ಮನೆ ಮದ್ದು, ಲೇಖನ ಓದೋದು ಎಲ್ಲ ಬಿಟ್ಟು ಬೇಗ ಮಕ್ಕಳ ಡಾಕ್ಟರ್ ಹತ್ರ ಹೋಗಿ:

- ತೂಕ ಇಳೀತಿದೆ, ಅಥವಾ ತಿಂಗಳುಗಟ್ಟಲೆ ಏರ್ತಾನೇ ಇಲ್ಲ
- ಹಾಲು ನೀರು ಕುಡಿಯೋವಾಗ ಪದೇ ಪದೇ ನೆತ್ತಿಗೇರುತ್ತೆ, ಕೆಮ್ಮು ಬರುತ್ತೆ, ಕುಡಿದ್ಮೇಲೆ ದನಿ ಗೊರಗೊರ ಅನ್ನುತ್ತೆ
- ಮತ್ತೆ ಮತ್ತೆ ಎದೆ ಕಫ, ನ್ಯುಮೋನಿಯಾ ಆಗ್ತಿದೆ
- ತಿಂದ ಪ್ರತಿ ಸಲ ವಾಂತಿ, ಅಥವಾ ತಿನ್ನೋವಾಗ ಬೆನ್ನು ಹಿಂದಕ್ಕೆ ಬಿಲ್ಲಿನ ಥರ ಬಗ್ಗಿಸಿ ಕಿರುಚುತ್ತೆ
- ಮೊದ್ಲು ತಿಂತಿದ್ದ ಆಹಾರಗಳನ್ನ ಒಂದೊಂದಾಗಿ ಬಿಡ್ತಾ ಬಂದು ಈಗ ಒಟ್ಟು ತಿನ್ನೋ ಐಟಮ್ಮೇ 20ರ ಒಳಗೆ ಇದೆ, ಅಥವಾ ತರಕಾರಿ ಪೂರ್ತಿ, ಪ್ರೋಟೀನ್ ಪೂರ್ತಿ ಹಿಂಗೆ ಇಡೀ ಗುಂಪೇ ಬಂದ್
- ಮಣ್ಣು, ಸುಣ್ಣ, ಪೇಪರ್ ತಿನ್ನುತ್ತೆ

ತಿಂಗಳು ತುಂಬೋ ಮೊದ್ಲೇ ಹುಟ್ಟಿದ ಮಗುವಾದ್ರೆ ವಯಸ್ಸನ್ನ ಹುಟ್ಟಿದ ದಿನದಿಂದ ಲೆಕ್ಕ ಹಾಕ್ಬೇಡಿ, ಹುಟ್ಬೇಕಾಗಿದ್ದ ದಿನದಿಂದ ಹಾಕಿ. ಎರಡು ತಿಂಗಳು ಮುಂಚೆ ಹುಟ್ಟಿದ ಮಗು 8 ತಿಂಗಳಲ್ಲಿ 6 ತಿಂಗಳ ಮಗು ಥರ ತಿಂದ್ರೆ ಅದೇ ಸರಿ.

ಹೆಜ್ಜೆ 2: ಮೂರು ದಿನ ಸುಮ್ನೆ ಬರ್ಕೊಳ್ಳಿ

ಏನನ್ನೂ ಬದಲಾಯಿಸ್ಬೇಡಿ, ಬೆಳಗ್ಗೆ ಎದ್ದಾಗಿಂದ ರಾತ್ರಿ ಮಲಗೋ ತನಕ ಬಾಯೊಳಗೆ ಹೋಗಿದ್ದೆಲ್ಲ ಟೈಮ್ ಸಮೇತ ಬರೀರಿ. ಹಾಲು, ಜ್ಯೂಸ್, ಅರ್ಧ ಬಿಸ್ಕೆಟ್, ಅಜ್ಜಿ ಕೈಯಿಂದ ಸಿಕ್ಕ ತುಂಡು ಬಾಳೆಹಣ್ಣು, ಎಲ್ಲ. "ಏನೂ ತಿನ್ನಲ್ಲ" ಅನ್ನೋ ಎಷ್ಟೋ ಮಕ್ಕಳ ಲಿಸ್ಟ್ ನೋಡಿದ್ರೆ ಇಡೀ ದಿನ ಸ್ವಲ್ಪ ಸ್ವಲ್ಪ ತಿಂತಾನೇ ಇರುತ್ತೆ, ಊಟದ ಹೊತ್ತಿಗೆ ಹೊಟ್ಟೇಲಿ ಜಾಗ ಇರಲ್ಲ.

ಹಾಲಿನ ಲೆಕ್ಕ ಮಾತ್ರ ಸರಿಯಾಗಿ ಹಾಕಿ. ವರ್ಷ ದಾಟಿದ ಮಗುಗೆ ದಿನಕ್ಕೆ ಅರ್ಧ ಲೀಟರ್ ಆಸುಪಾಸು ಸಾಕು, ಅದಕ್ಕಿಂತ ಜಾಸ್ತಿ ಹಸುವಿನ ಹಾಲು ಹೋದ್ರೆ ಹೊಟ್ಟೆಯೂ ತುಂಬುತ್ತೆ, ಕಬ್ಬಿಣದ ಕೊರತೆಯೂ ಬರುತ್ತೆ. ಊಟ ಮಾಡಿಲ್ಲ ಪಾಪ, ಹಾಲಾದ್ರೂ ಕುಡೀಲಿ ಅಂತ ಬಾಟಲಿ ಕೊಡ್ತೀವಲ್ಲ, ಮಗು ಅದನ್ನೇ ಕಲಿಯುತ್ತೆ, ತಟ್ಟೆ ತಳ್ಳಿದ್ರೆ ಬಾಟಲಿ ಬರುತ್ತೆ ಅಂತ. ವರ್ಷ ತುಂಬದ ಮಕ್ಕಳ ವಿಷಯ ಬೇರೆ, ಅವ್ರಿಗೆ ಹಾಲೇ ಮುಖ್ಯ ಆಹಾರ, ಅವ್ರ ಹಾಲು ಕಮ್ಮಿ ಮಾಡೋ ಯೋಚ್ನೆ ಡಾಕ್ಟರ್ ಹೇಳದೆ ಮಾಡ್ಬೇಡಿ.

ಹೆಜ್ಜೆ 3: ಹಸಿವಾಗೋಕೆ ಬಿಡಿ

ವರ್ಷ ದಾಟಿದ ಮಗುಗೆ ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ, ಒಂದರಿಂದ ಇನ್ನೊಂದಕ್ಕೆ ಎರಡೂವರೆಯಿಂದ ಮೂರು ಗಂಟೆ ಗ್ಯಾಪ್. ಗ್ಯಾಪಲ್ಲಿ ನೀರು ಬಿಟ್ರೆ ಇನ್ನೇನೂ ಇಲ್ಲ. ಊಟಕ್ಕೆ 20ರಿಂದ 30 ನಿಮಿಷ, ತಿಂಡಿಗೆ 10ರಿಂದ 15 ನಿಮಿಷ, ಟೈಮ್ ಆಯ್ತು ಅಂದ್ರೆ ತಟ್ಟೆ ಎತ್ತಿ, ಬೈಗುಳ ಇಲ್ಲದೆ, "ಸರಿ ಕಂದ, ಊಟ ಮುಗೀತು, ಆಮೇಲೆ ಮತ್ತೆ ತಿನ್ನೋಣ" ಅಷ್ಟೇ. ಒಂದೂವರೆ ಗಂಟೆ ಕೂರಿಸ್ಕೊಂಡು ತಿನ್ಸಿದ್ರೆ ಜಾಸ್ತಿ ಹೋಗುತ್ತೆ ಅನ್ಕೋಬೇಡಿ, ಮೊದಲ ಅರ್ಧ ಗಂಟೆ ಆದ್ಮೇಲೆ ಹೋಗೋದು ಚೂರು, ಆಗೋ ಜಗಳ ಬೆಟ್ಟದಷ್ಟು.

ಮೊದಲ ಮೂರ್ನಾಲ್ಕು ದಿನ ಅಳು ಗ್ಯಾರಂಟಿ. ತಟ್ಟೆ ಎತ್ತಿದ ಹತ್ತೇ ನಿಮಿಷಕ್ಕೆ ಬಿಸ್ಕೆಟ್ ಡಬ್ಬದ ಕಡೆ ಕೈ ತೋರ್ಸುತ್ತೆ, ಆಗ ಮನಸ್ಸು ಕರಗಿ ಕೊಟ್ಬಿಟ್ರೆ ಇಡೀ ಹೆಜ್ಜೆ ವ್ಯರ್ಥ. ತೂಕ ಸರಿಯಾಗಿರೋ, ಬೇರೆ ಕಾಯಿಲೆ ಇಲ್ಲದ ಮಗು ಒಂದು ಊಟ ಬಿಟ್ರೆ ಏನೂ ಆಗಲ್ಲ. ತೂಕ ಕಮ್ಮಿ ಇರೋ ಮಗು, ಸಕ್ಕರೆ ಕಾಯಿಲೆ ಅಥವಾ ಬೇರೆ ಯಾವುದಾದ್ರೂ ಟ್ರೀಟ್ಮೆಂಟಲ್ಲಿರೋ ಮಗು ಆದ್ರೆ ಈ ಗ್ಯಾಪ್ ಎಷ್ಟಿರ್ಬೇಕು ಅಂತ ಡಾಕ್ಟರ್ ಹತ್ರ ಕೇಳ್ಕೊಂಡೇ ಶುರು ಮಾಡಿ. ಇನ್ನೊಂದು, ಹಸಿವಿಗೆ ಬಿಟ್ರೆ ಎಲ್ಲ ಸರಿ ಹೋಗುತ್ತೆ ಅನ್ನೋ ಮಾತನ್ನ ನಂಬ್ಕೊಂಡು ದಿನಗಟ್ಟಲೆ ಹಟ ಸಾಧಿಸ್ಬೇಡಿ, ನಿಜವಾದ ಫೀಡಿಂಗ್ ತೊಂದ್ರೆ ಇರೋ ಮಕ್ಕಳು ಹಸಿದ್ರೂ ತಿನ್ನಲ್ಲ.

ಹೆಜ್ಜೆ 4: ಕಾಲು ನೇತಾಡ್ತಿದೆಯಾ ನೋಡಿ

ಇದು ತುಂಬಾ ಸಣ್ಣ ವಿಷಯ ಅನ್ಸುತ್ತೆ, ಆದ್ರೆ ನೀವೇ ಒಂದ್ಸಲ ಎತ್ತರದ ಸ್ಟೂಲ್ ಮೇಲೆ ಕಾಲಿಗೆ ಏನೂ ಸಿಗದ ಹಾಗೆ, ಬೆನ್ನಿಗೂ ಆಸರೆ ಇಲ್ಲದೆ ಕೂತು ಊಟ ಮಾಡಿ ನೋಡಿ. ದೇಹ ಬೀಳದಂಗೆ ಹಿಡ್ಕೊಳ್ಳೋದ್ರಲ್ಲೇ ಗಮನ ಹೋಗುತ್ತೆ, ಅಗಿಯೋ ಕೆಲ್ಸ ಹಿಂದೆ ಬೀಳುತ್ತೆ. ಸೊಂಟ, ಮೊಣಕಾಲು, ಪಾದದ ಕೀಲು ಮೂರೂ ಕಡೆ ಎಲ್ ಆಕಾರದಲ್ಲಿ ಮಡಚಿರ್ಬೇಕು, ಪಾದ ಗಟ್ಟಿ ಜಾಗದ ಮೇಲೆ ಊರಿರ್ಬೇಕು. ಕಾಲಡಿಗೆ ಒಂದು ಗಟ್ಟಿ ಡಬ್ಬ, ಬೆನ್ನಿಗೆ ಸುತ್ತಿದ ಟವೆಲ್, ಖರ್ಚೇ ಇಲ್ಲ. ತಟ್ಟೆ ಇಡೋ ಜಾಗ ಮಗುವಿನ ಎದೆ ಮತ್ತೆ ಹೊಕ್ಕುಳದ ನಡುವಿನ ಎತ್ತರಕ್ಕೆ ಬರ್ಲಿ. ಮಲಗಿಸ್ಕೊಂಡು ತಿನ್ಸೋದು, ಓಡಾಡೋವಾಗ ತುತ್ತು ಇಡೋದು ಬೇಡವೇ ಬೇಡ, ಗಂಟಲಿಗೆ ಸಿಕ್ಕೊಳ್ಳೋ ಅಪಾಯ.

ಟಿವಿ ಮೊಬೈಲ್ ಆಫ್. ಸ್ಕ್ರೀನ್ ನೋಡ್ತಾ ಬಾಯಿ ತೆರೆಯೋ ಮಗುಗೆ ತಾನು ಏನ್ ತಿಂತಿದೀನಿ, ಹೊಟ್ಟೆ ತುಂಬ್ತಾ ಇಲ್ವಾ ಅನ್ನೋದೇ ಗೊತ್ತಾಗಲ್ಲ. ಈಗಾಗ್ಲೇ ಅಭ್ಯಾಸ ಆಗ್ಬಿಟ್ಟಿದ್ರೆ ಒಂದೇ ದಿನ ಕಿತ್ಕೊಳ್ಳೋದಕ್ಕಿಂತ ಮೊದಲ ಐದು ನಿಮಿಷ ಸ್ಕ್ರೀನ್ ಇಲ್ಲ, ಮುಂದಿನ ವಾರ ಹತ್ತು ನಿಮಿಷ, ಹಿಂಗೆ ತಗೊಂಡ್ ಹೋಗಿ.

ಹೆಜ್ಜೆ 5: ಯಾರ ಕೆಲ್ಸ ಯಾವುದು ಅಂತ ಗೆರೆ ಎಳೀರಿ

ಎಲಿನ್ ಸ್ಯಾಟರ್ ಅನ್ನೋ ಅಮೆರಿಕದ ಡಯಟೀಶಿಯನ್ 1980ರ ದಶಕದಲ್ಲಿ ಒಂದು ಸರಳ ಹಂಚಿಕೆ ಹೇಳಿದ್ರು, ಇವತ್ತಿಗೂ ಇದಕ್ಕಿಂತ ಚೆನ್ನಾಗಿರೋದು ನಂಗೆ ಕಂಡಿಲ್ಲ. ಏನು ಕೊಡ್ಬೇಕು, ಯಾವಾಗ ಕೊಡ್ಬೇಕು, ಎಲ್ಲಿ ಕೂರಿಸಿ ಕೊಡ್ಬೇಕು, ಇವು ದೊಡ್ಡವ್ರ ಕೆಲ್ಸ. ತಿನ್ನೋದಾ ಬೇಡ್ವಾ, ಎಷ್ಟು ತಿನ್ನೋದು, ಇದು ಮಗುವಿನ ಕೆಲ್ಸ. ನಮ್ಮ ಮನೆಗಳಲ್ಲಿ ಇದು ಉಲ್ಟಾ ನಡೆಯುತ್ತೆ, ಏನ್ ಬೇಕು ಅಂತ ಮಗುನ ಕೇಳ್ತೀವಿ, ಎಷ್ಟು ತಿನ್ಬೇಕು ಅಂತ ನಾವು ಡಿಸೈಡ್ ಮಾಡ್ತೀವಿ.

ಅಷ್ಟು ಚಿಕ್ಕ ಮಗುಗೆ ಎಷ್ಟು ತಿನ್ಬೇಕು ಅಂತ ಹೇಗೆ ಗೊತ್ತಾಗುತ್ತೆ ಅನ್ನೋರಿಗೆ ಹಳೇ ಪ್ರಯೋಗ ಒಂದಿದೆ. 1928ರಲ್ಲಿ ಕ್ಲಾರಾ ಡೇವಿಸ್ ಅನ್ನೋ ಡಾಕ್ಟರ್ ಪ್ರಕಟಿಸಿದ್ದು: ಆಗಷ್ಟೇ ಹಾಲು ಬಿಡಿಸಿದ ಕೂಸುಗಳ ಮುಂದೆ ಥರಥರದ ಆಹಾರದ ಟ್ರೇ ಇಡ್ತಿದ್ರು, ನರ್ಸ್ ಚಮಚ ಹಿಡ್ಕೊಂಡು ಪಕ್ಕದಲ್ಲಿ ಸುಮ್ನೆ ಕೂತಿರ್ತಿದ್ರು, ಮಗು ಯಾವುದಾದ್ರೂ ಬಟ್ಟಲಿಗೆ ಕೈ ಚಾಚಿದ್ರೆ ಮಾತ್ರ ಅದನ್ನ ಕೊಡೋದು, ಇದು ಒಳ್ಳೇದು ಅದು ಕೆಟ್ಟದ್ದು ಅಂತ ಒಂದು ಮಾತೂ ಇಲ್ಲ. ಒಂದೊಂದು ಮಗು ಒಂದೊಂದು ಥರ ಚಿತ್ರವಿಚಿತ್ರವಾಗಿ ತಿಂದ್ರೂ ಎಲ್ಲ ಚೆನ್ನಾಗೇ ಬೆಳೆದ್ವು. ಈ ಕಥೇನ ಅರ್ಧ ಹೇಳೋರು ಬಹಳ ಜನ ಇದಾರೆ, ಇನ್ನರ್ಧ ಏನಂದ್ರೆ ಆ ಟ್ರೇನಲ್ಲಿ ಸಕ್ಕರೆ ಸುರಿದಿದ್ದು, ಸಿಹಿತಿಂಡಿ ಯಾವುದೂ ಇರ್ಲಿಲ್ಲ, ಯಾವುದನ್ನ ಆರಿಸ್ಕೊಂಡ್ರೂ ಒಳ್ಳೇದೇ ಸಿಗ್ತಿತ್ತು. ಅಂದ್ರೆ ಟ್ರೇ ಜೋಡಿಸೋ ಜವಾಬ್ದಾರಿ ದೊಡ್ಡವ್ರದ್ದೇ.

ಬಡಿಸೋವಾಗ ಸಣ್ಣದಾಗಿ ಬಡಿಸಿ. ಒಂದೊಂದು ಐಟಮ್ಮಿಗೆ ವಯಸ್ಸಿಗೊಂದು ದೊಡ್ಡ ಚಮಚ, ಎರಡು ವರ್ಷಕ್ಕೆ ಎರಡು. ತಟ್ಟೆ ತುಂಬ ರಾಶಿ ಕಂಡ್ರೆ ಮಗು ತಿನ್ನೋ ಮೊದ್ಲೇ ಸೋಲುತ್ತೆ, ಕಮ್ಮಿ ಇದ್ರೆ ಖಾಲಿ ಮಾಡಿ ಇನ್ನೂ ಕೇಳ್ಬೋದು. ಪ್ರತಿ ತಟ್ಟೇಲೂ ಮಗು ಖಂಡಿತ ತಿನ್ನೋ ಐಟಮ್ ಒಂದಾದ್ರೂ ಇರ್ಲಿ, ಆದ್ರೆ ಅದು ಬೇಡ ಇದು ಮಾಡ್ಕೊಡು ಅಂದಾಗೆಲ್ಲ ಅಡುಗೆಮನೆಗೆ ಓಡ್ಬೇಡಿ.

ಹೆಜ್ಜೆ 6: ಚಮಚ ಬಾಯಿ ಹತ್ರ ಹೋದಾಗ

ಇಲ್ಲಿ ನಿಧಾನಕ್ಕೆ ಓದಿ, ಯಾಕಂದ್ರೆ ಜಗಳ ಹುಟ್ಟೋದು ಈ ಐದಾರು ಸೆಕೆಂಡಲ್ಲೇ. ಮಗುವಿನ ಎದುರಿಗೆ, ಅದ್ರ ಕಣ್ಣಿನ ಮಟ್ಟಕ್ಕೆ ಕೂತ್ಕೊಳ್ಳಿ. ಚಮಚ ಮೇಲಿಂದ ಇಳೀಬಾರ್ದು, ಬಾಯಿ ಮಟ್ಟದಲ್ಲಿ ನೇರ ಬರ್ಲಿ. ತುಟಿಗಿಂತ ಸ್ವಲ್ಪ ದೂರದಲ್ಲಿ ನಿಲ್ಲಿಸಿ ಕಾಯಿರಿ. ಬಾಯಿ ತೆರೆದ್ರೆ ನಾಲಿಗೆ ನಡುಭಾಗಕ್ಕೆ ಮೆತ್ತಗೆ ಒತ್ತಿ ಇಡಿ, ಮೇಲ್ತುಟಿ ತಾನೇ ಇಳಿದು ಬಂದು ಚಮಚ ಒರೆಸ್ಕೊಳ್ಳೋ ತನಕ ತಡೀರಿ, ಆಮೇಲೆ ನೇರ ಹೊರಗೆ ತೆಗೀರಿ. ನಾವು ಅವಸರದಲ್ಲಿ ಚಮಚನ ಮೇಲಿನ ವಸಡಿಗೆ ಉಜ್ಜಿ ಎಳೀತೀವಿ, ಆಗ ತುಟಿಗೆ ಕೆಲ್ಸವೇ ಇರಲ್ಲ, ಅದು ಕಲಿಯೋದೂ ಇಲ್ಲ. ಪ್ರತಿ ತುತ್ತಿಗೂ ಬಾಯಿ ಒರೆಸೋದು ನಿಲ್ಲಿಸಿ, ಎಷ್ಟೋ ಮಕ್ಕಳಿಗೆ ಊಟಕ್ಕಿಂತ ಆ ಒರೆಸೋ ಬಟ್ಟೆ ಮೇಲೇ ಜಾಸ್ತಿ ಸಿಟ್ಟು, ಕೊನೇಲಿ ಒಂದ್ಸಲ ತೊಳೆದ್ರೆ ಆಯ್ತು.

ತಲೆ ತಿರುಗಿಸ್ತು, ತುಟಿ ಬಿಗಿ ಹಿಡೀತು, ಚಮಚ ತಳ್ತು ಅಂದ್ರೆ ಅದು ಬೇಡ ಅಂತ ಹೇಳಿದ್ದು. ಚಮಚ ಕೆಳಗಿಳಿಸಿ, ಹಿಂಬಾಲಿಸ್ಬೇಡಿ. ಅರ್ಧ ನಿಮಿಷ ಬಿಟ್ಟು ಇನ್ನೊಂದ್ಸಲ ತೋರ್ಸಿ, ಆಗ್ಲೂ ಬೇಡ ಅಂದ್ರೆ ಬಿಟ್ಬಿಡಿ. ಮೂಗು ಹಿಡಿದು ಬಾಯಿ ತೆರೆಸೋದು, ಅಳೋವಾಗ ತೆರೆದ ಬಾಯಿಗೆ ತುರುಕೋದು ಮಾಡಿದ್ರೆ ಶ್ವಾಸನಾಳಕ್ಕೆ ಹೋಗೋ ಅಪಾಯ ಒಂದು, ಚಮಚ ಅಂದ್ರೇನೇ ಭಯ ಅಂತ ಕೂತ್ಬಿಡೋದು ಇನ್ನೊಂದು. ಇನ್ನೊಂದು ಚಮಚನ ಮಗು ಕೈಗೇ ಕೊಟ್ಬಿಡಿ, ಚೆಲ್ಲಲಿ, ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ.

ಮಾತಿನ ವಿಷಯ. "ಇನ್ನೊಂದೇ ಒಂದು ತುತ್ತು", "ಪಕ್ಕದ್ಮನೆ ಪುಟ್ಟ ನೋಡು ಹೇಗೆ ತಿಂತಾನೆ", "ತಿನ್ನದಿದ್ರೆ ಅಮ್ಮ ಹೋಗ್ಬಿಡ್ತಾಳೆ" ಇವೆಲ್ಲ ಒತ್ತಡ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚಿಕ್ಕ ಮಕ್ಕಳಿಗೆ ಸೂಪ್ ಕೊಟ್ಟು ನೋಡಿದ್ರು, ಮುಗ್ಸು ಮುಗ್ಸು ಅಂತ ಹೇಳ್ದೆ ಇದ್ದಾಗ್ಲೇ ಮಕ್ಕಳು ಜಾಸ್ತಿ ಕುಡಿದ್ರು, ಸೂಪ್ ಬಗ್ಗೆ ಕೊಂಕು ಮಾತಾಡಿದ್ದೂ ಕಮ್ಮಿ. ಲಂಚವೂ ಹಂಗೇ, ತರಕಾರಿ ತಿಂದ್ರೆ ಚಾಕಲೇಟ್ ಅಂದ ತಕ್ಷಣ ಮಗು ತಲೇಲಿ ಚಾಕಲೇಟ್ ರೇಟ್ ಏರುತ್ತೆ, ತರಕಾರಿ ರೇಟ್ ಬೀಳುತ್ತೆ. ಇವುಗಳ ಬದ್ಲು ನಡೀತಿರೋದನ್ನ ಹೇಳಿ ಸಾಕು: "ಓ, ನೀನೇ ಚಮಚ ಹಿಡ್ಕೊಂಡೆ", "ಇದು ಕರುಂ ಕುರುಂ ಅಂತಿದೆ ಅಲ್ವಾ". ಉಗಿದಾಗ, ಎಸೆದಾಗ ದೊಡ್ಡ ರಿಯಾಕ್ಷನ್ ಬೇಡ, ನಗೋದೂ ಬೇಡ, ನಗು ಕೂಡ ಬಹುಮಾನವೇ.

ಹೆಜ್ಜೆ 7: ಹೊಸ ಆಹಾರಕ್ಕೆ ಮೆಟ್ಟಿಲು ಹಾಕಿ

ಎರಡು ಸಲ ಕೊಟ್ಟೆ, ಉಗಿದ್ಬಿಟ್ಟ, ಅವನಿಗೆ ಕ್ಯಾರೆಟ್ ಆಗಲ್ಲ ಅಂತ ಬಿಡ್ತೀವಿ. ಒಂದು ಹೊಸ ರುಚಿ ಒಗ್ಗೋಕೆ 8ರಿಂದ 15 ಸಲವಾದ್ರೂ ಬೇಕಾಗ್ಬೋದು, ಕೆಲವ್ರಿಗೆ ಇನ್ನೂ ಹೆಚ್ಚು. ಆ ಸಲಗಳೆಲ್ಲ ನುಂಗಿದ್ದೇ ಆಗ್ಬೇಕು ಅಂತಿಲ್ಲ, ನೆಕ್ಕಿ ಉಗಿದ್ರೂ ನಡೆಯುತ್ತೆ.

ಕ್ಯಾರೆಟ್ಟನ್ನೇ ತಗೊಳ್ಳಿ. ಮೊದ್ಲು ಬೆಂದ ಕ್ಯಾರೆಟ್ಟಿನ ಒಂದು ತುಂಡು ಮೇಜಿನ ಮೇಲೆ ಇನ್ನೊಂದು ಬಟ್ಟಲಲ್ಲಿ ಇರ್ಲಿ, ನೀವು ತಿನ್ನಿ, ಮಗು ನೋಡ್ಲಿ. ಅದಕ್ಕೆ ಗಲಾಟೆ ಇಲ್ಲ ಅಂದ್ರೆ ಮಗು ತಟ್ಟೆ ಅಂಚಿಗೆ ಬರ್ಲಿ. ಆಮೇಲೆ ಚಮಚದಲ್ಲಿ ತಳ್ಳಾಡೋದು, ಬೆರಳಲ್ಲಿ ಅಮುಕೋದು, ನಿಮ್ಮ ಬಾಯಿಗೆ ಇಡೋದು (ಈ ಮೆಟ್ಟಿಲು ಮಕ್ಕಳಿಗೆ ಬಹಳ ಇಷ್ಟ), ಮೂಸೋದು, ತುಟಿಗೆ ಲಿಪ್‌ಸ್ಟಿಕ್ ಥರ ಸವರೋದು, ನಾಲಿಗೆ ತುದಿಗೆ ತಾಗ್ಸೋದು, ಕಚ್ಚಿ ಪಕ್ಕದ ಬಟ್ಟಲಿಗೆ ಉಗಿಯೋದು, ಕೊನೆಗೆ ನುಂಗೋದು. ಉಗಿಯೋಕೆ ಬಟ್ಟಲು ಇದೆ ಅಂತ ಗೊತ್ತಾದ್ರೆ ಮಗು ಧೈರ್ಯ ಮಾಡಿ ಬಾಯಿಗೆ ಹಾಕ್ಕೊಳ್ಳುತ್ತೆ. ಒಂದು ಮೆಟ್ಟಿಲಲ್ಲಿ ವಾರಗಟ್ಟಲೆ ನಿಲ್ಬೋದು. ಓಕರಿಕೆ ಬಂತು, ಮುಖ ಕಿವುಚ್ತು ಅಂದ್ರೆ ಒಂದು ಮೆಟ್ಟಿಲು ಕೆಳಗಿಳೀರಿ.

ಬೆರಳೆಣಿಕೆಯ ಐಟಮ್ ಮಾತ್ರ ತಿನ್ನೋ ಮಕ್ಕಳಿಗೆ ಇನ್ನೊಂದು ದಾರಿ, ಈಗ ತಿಂತಿರೋದ್ರಿಂದಲೇ ಹೊರಡಿ. ಗರಿಗರಿ ಬಿಸ್ಕೆಟ್ ಮಾತ್ರ ತಿನ್ನುತ್ತಾ, ಅದೇ ಬಿಸ್ಕೆಟ್ ಬೇರೆ ಆಕಾರದ್ದು, ಆಮೇಲೆ ಬೇರೆ ಕಂಪನೀದು, ಆಮೇಲೆ ಸಿಹಿ ಕಮ್ಮಿ ಇರೋದು, ಆಮೇಲೆ ಗರಿಗರಿ ಟೋಸ್ಟ್. ಒಂದ್ಸಲಕ್ಕೆ ಒಂದೇ ಬದಲಾವಣೆ. ಮತ್ತೆ ಮಗು ನಂಬಿ ತಿನ್ನೋ ಆಹಾರದೊಳಗೆ ಗುಟ್ಟಾಗಿ ತರಕಾರಿನೋ ಔಷಧಿನೋ ಬೆರೆಸ್ಬೇಡಿ, ಸಿಕ್ಕಿಬಿದ್ರೆ ಇದ್ದ ಒಂದು ಐಟಮ್ಮೂ ಹೋಗುತ್ತೆ.

ಹೆಜ್ಜೆ 8: ರುಬ್ಬಿದ್ದನ್ನ ಬಿಡಿಸೋದು

6 ತಿಂಗಳಿಗೆ ಮೇಲಾಹಾರ ಶುರು, ಅಲ್ಲಿಂದ ನುಣ್ಣಗೆ ರುಬ್ಬಿದ್ದರಿಂದ ಫೋರ್ಕಲ್ಲಿ ಕಿವುಚಿದ್ದಕ್ಕೆ, ಆಮೇಲೆ ಮೆತ್ತನೆ ಗಂಟಿರೋದಕ್ಕೆ, ಆಮೇಲೆ ಕೈಯಲ್ಲಿ ಹಿಡಿಯೋ ಮೆತ್ತನೆ ತುಂಡಿಗೆ ಹೋಗ್ಬೇಕು. 9-10 ತಿಂಗಳ ಒಳಗೆ ಗಂಟಿರೋ ಆಹಾರ ಕಾಣದ ಮಕ್ಕಳಲ್ಲಿ ಮುಂದೆ ತಿನ್ನೋ ತೊಂದ್ರೆ ಹೆಚ್ಚು ಕಂಡುಬಂದಿದೆ. ದವಡೆ ಹಲ್ಲು ಬರ್ಲಿ ಅಂತ ಕಾಯ್ಬೇಡಿ, ಮೆತ್ತಗಿರೋದನ್ನ ವಸಡಲ್ಲೇ ಅಗೀತಾವೆ. ಉದ್ದುದ್ದ ಕತ್ತರಿಸಿದ ಬೆಂದ ತರಕಾರಿನ ನಾಲಿಗೆ ನಡುವೆ ಇಡದೆ ಪಕ್ಕಕ್ಕೆ, ದವಡೆ ಹಲ್ಲು ಬರೋ ಜಾಗಕ್ಕೆ ತಾಗ್ಸಿ, ನಾಲಿಗೆ ಆ ಕಡೆ ಹೊರಳೋದನ್ನ ಕಲಿಯುತ್ತೆ. ನೀರಾಗಿರೋದ್ರಲ್ಲಿ ಗಂಟು ತೇಲೋ ಥರದ್ದು ಎಲ್ಲಕ್ಕಿಂತ ಕಷ್ಟ, ಅದನ್ನ ಕೊನೆಗೆ ಇಟ್ಕೊಳ್ಳಿ.

ಓಕರಿಕೆಗೂ ಉಸಿರು ಕಟ್ಟೋದಕ್ಕೂ ವ್ಯತ್ಯಾಸ ಮನೇಲಿ ಎಲ್ರಿಗೂ ಗೊತ್ತಿರ್ಬೇಕು. ಓಕರಿಕೆಯಲ್ಲಿ ಸದ್ದು ಇರುತ್ತೆ, ಮುಖ ಕೆಂಪಾಗುತ್ತೆ, ನಾಲಿಗೆ ಮುಂದೆ ಬರುತ್ತೆ, ಮಗು ತಾನೇ ಸರಿ ಮಾಡ್ಕೊಳ್ಳುತ್ತೆ, ನೀವು ಗಾಬರಿ ತೋರಿಸ್ದೆ ಕಾಯಿರಿ. ಉಸಿರು ಕಟ್ಟಿದ್ರೆ ಸದ್ದೇ ಇರಲ್ಲ, ಅಳೋಕೂ ಆಗಲ್ಲ, ತುಟಿ ನೀಲಿಗೆ ತಿರುಗುತ್ತೆ. ಆಗ ತಕ್ಷಣ ಮಗುನ ಮುಂದಕ್ಕೆ ಬಗ್ಗಿಸಿ ಎರಡು ಭುಜದ ಮೂಳೆ ನಡುವೆ ಅಂಗೈಯಲ್ಲಿ 5 ಏಟು, ಹೊರಗೆ ಬರ್ಲಿಲ್ಲ ಅಂದ್ರೆ ವರ್ಷದೊಳಗಿನ ಮಗುಗೆ ಎದೆ ಮೂಳೆ ಮೇಲೆ ಒಂದು ಅಂಗೈಯ ಬುಡದಿಂದ 5 ಸಲ ಒತ್ತೋದು, ದೊಡ್ಡದಾದ್ರೆ ಹೊಕ್ಕುಳ ಮೇಲ್ಭಾಗದಲ್ಲಿ 5 ಸಲ ಒಳಕ್ಕೂ ಮೇಲಕ್ಕೂ ಒತ್ತೋದು, ಇನ್ನೊಬ್ರು ಆಂಬುಲೆನ್ಸ್ ಕರೀಬೇಕು. ಕಾಣದ ವಸ್ತು ಹುಡುಕೋಕೆ ಬಾಯಿಗೆ ಬೆರಳು ಹಾಕ್ಬೇಡಿ. ಇದನ್ನ ಓದಿ ಬಿಡದೆ ಒಂದ್ಸಲ ಫಸ್ಟ್ ಏಡ್ ತರಬೇತೀಲಿ ಕೈಯಾರೆ ಮಾಡಿ ಕಲೀರಿ. ಇಡೀ ದ್ರಾಕ್ಷಿ, ಇಡೀ ಬೀಜಗಳು, ಪಾಪ್‌ಕಾರ್ನ್, ಗಟ್ಟಿ ಕ್ಯಾಂಡಿ, ಹಸಿ ಕ್ಯಾರೆಟ್ ಬಿಲ್ಲೆ ಚಿಕ್ಕ ಮಕ್ಕಳಿಗೆ ಕೊಡಂಗಿಲ್ಲ, ದ್ರಾಕ್ಷಿನ ಉದ್ದಕ್ಕೆ ನಾಲ್ಕು ಸೀಳು ಮಾಡಿ. ವರ್ಷ ತುಂಬೋ ತನಕ ಜೇನುತುಪ್ಪವೂ ಬೇಡ, ಅದು ಬೊಟುಲಿಸಮ್ ಅನ್ನೋ ವಿಷಬಾಧೆಯ ಕಾರಣಕ್ಕೆ.

ಹೆಜ್ಜೆ 9: ಮನೇಲಿ ಎಲ್ರೂ ಒಂದೇ ಮಾತು

ಅಮ್ಮ ಒತ್ತಾಯ ಬಿಟ್ಟು, ತಾತ ಹಿಂದಿನ ಬಾಗಿಲಲ್ಲಿ ಚಾಕಲೇಟ್ ಕೊಟ್ರೆ ಕೆಲ್ಸ ಆಗಲ್ಲ. ಆದ್ರೆ ಹಿರಿಯರಿಗೆ ಪಾಠ ಮಾಡೋಕೆ ಹೋದ್ರೆ ಅದೇ ಬೇರೆ ಜಗಳ. ಹೆಜ್ಜೆ 2ರ ಪಟ್ಟಿನ ಫ್ರಿಜ್ ಮೇಲೆ ಅಂಟಿಸಿ, ಕೊಟ್ಟವ್ರೇ ಬರೀಲಿ ಅನ್ನಿ, ಮತ್ತೆ ಅವ್ರಿಗೂ ಒಂದು ಕೆಲ್ಸ ಕೊಡಿ, ಮಗು ಎದುರಿಗೆ ಕೂತು ಅದೇ ಊಟ ತಿನ್ನೋದು. ದೊಡ್ಡವ್ರು ತಿನ್ನೋದನ್ನ ನೋಡಿಯೇ ಮಕ್ಕಳು ತಿನ್ನೋದು, ಮಗುನ ಒಂದನ್ನೇ ಕೂರಿಸಿ ಸುತ್ತ ನಾಲ್ಕು ಜನ ನಿಂತು ನೋಡೋದು ಪರೀಕ್ಷೆ ಥರ ಆಗುತ್ತೆ.

ಜ್ವರ ನೆಗಡಿ ಬಂದಾಗ, ಹಲ್ಲು ಬರೋವಾಗ, ಊರಿಗೆ ಹೋಗಿ ಬಂದಾಗ ಎಲ್ಲ ತಲೆಕೆಳಗಾಗುತ್ತೆ, ಹುಷಾರಿಲ್ಲದಾಗ ನೀರು ಹಾಲು ಹೋದ್ರೆ ಸಾಕು, ಹುಷಾರಾದ್ಮೇಲೆ ಹೆಜ್ಜೆ 3ರ ಟೈಮ್ ಟೇಬಲ್ಲಿಗೆ ವಾಪಸ್ ಬನ್ನಿ.

ಹೆಜ್ಜೆ 10: ಎರಡು ತಿಂಗಳಾದ್ರೂ ಹಂಗೇ ಇದ್ರೆ

ಎಷ್ಟು ತುತ್ತು ಹೋಯ್ತು ಅನ್ನೋದಕ್ಕಿಂತ ಮೊದ್ಲು ಬದಲಾಗೋದು ಬೇರೆ: ಕುರ್ಚೀಲಿ ಕೂರೋವಾಗ ಅಳು ಕಮ್ಮಿ, ಹೊಸ ಐಟಮ್ ತಟ್ಟೇಲಿದ್ರೂ ಕಿರುಚಲ್ಲ, ತಾನೇ ಕೈ ಹಾಕುತ್ತೆ. ಇಷ್ಟೂ ಕಾಣ್ತಿಲ್ಲ ಅಂದ್ರೆ, ಅಥವಾ ಊಟದ ಹೊತ್ತು ಬಂದ್ರೆ ನಿಮಗೇ ಎದೆ ಢವಢವ ಅನ್ನೋ ಹಂಗಾಗಿದ್ರೆ, ಡಾಕ್ಟರ್ ಹತ್ರ ಫೀಡಿಂಗ್ ಥೆರಪಿ ಬಗ್ಗೆ ಕೇಳಿ. ನುಂಗೋದು ಅಗಿಯೋದನ್ನ ಸ್ಪೀಚ್ ಥೆರಪಿಸ್ಟ್ ನೋಡ್ತಾರೆ, ಮುಟ್ಟೋಕೆ ಅಸಹ್ಯ, ಕೂರೋ ಭಂಗಿ ಇಂಥದ್ದನ್ನ ಆಕ್ಯುಪೇಷನಲ್ ಥೆರಪಿಸ್ಟ್, ಪೋಷಣೆಯ ಲೆಕ್ಕ ಡಯಟೀಶಿಯನ್. ಆಟಿಸಂ ಇರೋ ಮಕ್ಕಳಲ್ಲಿ ಆಹಾರದ ಆಯ್ಕೆ ತುಂಬಾ ಬಿಗಿ ಇರೋದು ಸಾಮಾನ್ಯ, ಅವ್ರಿಗೆ ಈ ಸಹಾಯ ಬೇಗ ಸಿಕ್ಕಷ್ಟೂ ಒಳ್ಳೇದು.

ಹೋಗೋವಾಗ ಬೆಳವಣಿಗೆ ಚಾರ್ಟ್, ಮೂರು ದಿನದ ಪಟ್ಟಿ, ಮಗು ಈಗ ತಿನ್ನೋ ಎಲ್ಲ ಐಟಮ್ಮಿನ ಲಿಸ್ಟ್, ಮನೇಲಿ ಬಳಸೋ ಚಮಚ ಬಾಟಲಿ ತಗೊಂಡ್ ಹೋಗಿ. ಜೊತೆಗೆ ಮೊಬೈಲಲ್ಲಿ ಒಂದು ಮಾಮೂಲು ಊಟದ ಐದು ನಿಮಿಷದ ವಿಡಿಯೋ, ಪಕ್ಕದಿಂದ ತೆಗ್ದಿದ್ದು, ಮಗುವಿನ ಬಾಯಿ ಮತ್ತೆ ನಿಮ್ಮ ಕೈ ಎರಡೂ ಕಾಣೋ ಹಾಗೆ. ಮನೆ ಚೊಕ್ಕ ಮಾಡಿ, ಮಗುಗೆ ಇಷ್ಟದ್ದು ಮಾಡಿ ತೆಗೀಬೇಡಿ, ರಂಪ ಆಗೋ ದಿನದ್ದೇ ಇರ್ಲಿ, ಕ್ಲಿನಿಕ್ಕಲ್ಲಿ ಹೊಸ ಮುಖ ಕಂಡು ಮಗು ಬೇರೆ ಥರನೇ ಆಡುತ್ತೆ.